ಬೋರಲು ಮಲಗಿದವರು

ಆರು ತಿಂಗಳ ಹಿಂದಿನ ಆ ದಿನ ಲೆನ್ಸಿನ ಟೇಪು ಬದಲಾಯಿಸಿದ್ದೆನೋ ಇಲ್ಲವೋ ಎಂಬುದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಎದುರಿನ ಮೇಜಿನ ಮೇಲೆ ಲಾರಿ ಚಾಲಕನೊಬ್ಬ ಬೋರಲು ಮಲಗಿದ್ದ. ಅವನ ಅಂಗಾಲಿನ ಕಪ್ಪು ಚುಕ್ಕೆಯ ಪಕ್ಕದಲ್ಲಿ ನರ್ಸ್ ಅಂಟಿಸಿದ ಕಾಗದದ ಅಳತೆಪಟ್ಟಿಯಿತ್ತು. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಈಗಷ್ಟೇ ತೆಗೆದ ಎರಡು ಚಿತ್ರಗಳಿದ್ದವು. ಮೊದಲನೆಯದರಲ್ಲಿ ಪಟ್ಟಿಯ ಗೆರೆಗಳು ಪರದೆಯ ನಡುಭಾಗದಲ್ಲಿ ಒತ್ತಾಗಿ ನಿಂತಿದ್ದವು. ಎರಡನೆಯದರಲ್ಲಿ ಅವೇ ಗೆರೆಗಳು ಒಂದರಿಂದೊಂದು ದೂರವಾಗಿ ಅಂಚಿನ ಕಡೆಗೆ ಸರಿದಿದ್ದವು. ಎರಡರ ನಡುವೆ ಒಂದು ನಿಮಿಷವೂ ಕಳೆದಿರಲಿಲ್ಲ. ಅವನು ಲೆನ್ಸಿನ ಅಳತೆ ಬದಲಿಸುವ ಉಂಗುರವನ್ನು ಮುಟ್ಟಿರಲೂ ಇಲ್ಲ. ಕೆಳಮುಖವಾಗಿ ಹಿಡಿದ ಲೆನ್ಸಿನ ಒಳಗಿನ ಕೊಳವೆ ತನ್ನದೇ ಭಾರಕ್ಕೆ ಜಾರಿ ಇಳಿದಿತ್ತು; ಚುಕ್ಕೆ ಇದ್ದುದಕ್ಕಿಂತ ದೊಡ್ಡದಾಗಿ ಮೂಡಿತ್ತು. ಜಾರದಿರಲೆಂದು ಅವನು ಸುತ್ತಿದ್ದ ಟೇಪು ಉಂಗುರದ ಮೇಲೆಯೇ ಇತ್ತು. ಆದರೆ ಬೆರಳಿನಿಂದ ಎತ್ತಿದಾಗ ಅದರ ಅಂಟು ಪುಡಿಯಾಗಿ ಉದುರಿತು.

"ಅಂಗಾಲಲ್ಲಿ ಏನ್ರೀ ಅಷ್ಟೊಂದು ಓದೋದು, ಮಿಲಿಮೀಟರ್ ಸಾಹೇಬ್ರೇ? ಕಾದಂಬರಿನಾ?" ಎಂದಳು ನರ್ಸ್.

"ಕಾಲು ಜೋಮು ಹಿಡೀತಿದೆ ಸಾರ್," ಎಂದ ಚಾಲಕ, ದಿಂಬಿನಲ್ಲಿ ಮುಖವಿಟ್ಟುಕೊಂಡೇ. "ಫೋಟೊ ಚೆನ್ನಾಗಿ ಬರೋಕೆ ನಾನೇನಾದ್ರೂ ನಗಬೇಕಾದ್ರೆ ಹೇಳಿ."

ಅವನು ಇನ್ನೊಂದು ಚಿತ್ರ ತೆಗೆದ. ಈ ಸಲ ಎಡಗೈಯ ಎರಡು ಬೆರಳುಗಳಿಂದ ಉಂಗುರವನ್ನು ಒತ್ತಿ ಹಿಡಿದಿದ್ದ. ಇಪ್ಪತ್ತೆರಡು ವರ್ಷಗಳಿಂದ ಅವನು ಈ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಇದೇ ಕೆಲಸ ಮಾಡುತ್ತಿದ್ದ. ಮಚ್ಚೆ, ಗಾಯ, ಬೊಕ್ಕೆ, ಬಿಳುಪು, ಎಲ್ಲವನ್ನೂ ಗೇಣುದೂರದಿಂದ ತೆಗೆಯುವುದು. ಆರು ತಿಂಗಳಿಗೋ ವರ್ಷಕ್ಕೋ ಅದೇ ಜಾಗವನ್ನು ಅದೇ ಅಳತೆಯಲ್ಲಿ ಮತ್ತೆ ತೆಗೆಯುವುದು. ಎರಡನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರು ನೋಡುವುದು. ಬೆಳೆದಿದೆ ಅಥವಾ ಬೆಳೆದಿಲ್ಲ ಎಂದು ಹೇಳುವವರು ಡಾಕ್ಟರು. ಆದರೆ ಹಾಗೆ ಹೇಳಲು ಅವರ ಬಳಿ ಇರುವುದು ಅವನ ಎರಡು ಚಿತ್ರಗಳು ಮಾತ್ರ. ಹತ್ತಿರದ ಚಿತ್ರ ತೆಗೆಯುವವನು ಸ್ಪಷ್ಟತೆಗಾಗಿ ಉಂಗುರ ತಿರುಗಿಸುವುದಿಲ್ಲ. ಉಂಗುರವನ್ನು ಬೇಕಾದ ಅಳತೆಗೆ ತಂದು ನಿಲ್ಲಿಸಿ, ತಾನೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲುತ್ತಾನೆ. ಚರ್ಮದ ಗೆರೆಗಳು ಹರಿತವಾದ ಕ್ಷಣದಲ್ಲಿ ಉಸಿರು ಹಿಡಿದು ಗುಂಡಿ ಒತ್ತುತ್ತಾನೆ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವುದು ಒಂದು ಉಗುರಿನ ದಪ್ಪದಷ್ಟು ಆಳ ಮಾತ್ರ. ಅದರ ಮುಂದಿನದೂ ಹಿಂದಿನದೂ ಮಂಜು. ಹೊಸದಾಗಿ ಬಂದ ಡಾಕ್ಟರುಗಳಿಗೆ ಇದನ್ನು ಅವನೇ ಕಲಿಸಿದ್ದ. ಉಂಗುರ ಅರ್ಧದ ಗುರುತಿನಲ್ಲಿ ನಿಂತಿತೆಂದರೆ ಚಿತ್ರ ನಿಜದ ಅರ್ಧ ಅಳತೆಯದೇ, ಅದರಲ್ಲಿ ಎರಡು ಮಾತಿಲ್ಲ ಎಂದು ಹೇಳುತ್ತಿದ್ದ. ಈಗ ಆ ವಿಧಾನವೇ ತನ್ನ ಕಣ್ಣಿಗೆ ಮಣ್ಣೆರಚಿದೆ ಎಂಬುದು ಅವನಿಗೆ ನಿಧಾನವಾಗಿ, ಬಿಸಿನೀರು ಬಟ್ಟೆಯೊಳಗೆ ಇಳಿಯುವ ಹಾಗೆ, ಅರಿವಾಗತೊಡಗಿತು. ಕೊಳವೆ ಜಾರಿದಾಗ ಚಿತ್ರ ಮಂಜಾಗುತ್ತದೆ. ಮಂಜಾದರೆ ಅವನು ಅಭ್ಯಾಸಬಲದಿಂದ ಇನ್ನಷ್ಟು ವಾಲುತ್ತಾನೆ. ವಾಲಿದರೆ ಚಿತ್ರ ಹರಿತವಾಗುತ್ತದೆ. ಹರಿತವಾದ ಚಿತ್ರವನ್ನು ಸಂಶಯಿಸುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಅತ್ತಿಗೆ ಬೋರಲು ಮಲಗಿದ್ದಳು. ಆರು ತಿಂಗಳ ಹಿಂದೆ, ಇದೇ ಮೇಜಿನ ಮೇಲೆ, ಕೆನ್ನೆಯನ್ನು ಈ ಕಡೆಗೆ ಹೊರಳಿಸಿ.

ಚಾಲಕ ಚಪ್ಪಲಿ ಮೆಟ್ಟಿಕೊಂಡು ಹೋದ. ನರ್ಸ್ ಅಳತೆಪಟ್ಟಿಗಳ ಕಟ್ಟನ್ನು ಕಪಾಟಿನಲ್ಲಿಟ್ಟಳು. ಆ ಕಟ್ಟು ಬಂದದ್ದು ಇವತ್ತು ಬೆಳಿಗ್ಗೆ. ಏಳು ತಿಂಗಳಿಂದ ಉಗ್ರಾಣದಲ್ಲಿ ಪಟ್ಟಿ ಇಲ್ಲ, ಇಲ್ಲ ಎಂದು ಹೇಳಿ ಕೊನೆಗೆ ಒಮ್ಮೆಲೇ ಮುನ್ನೂರು ಕಳಿಸಿದ್ದರು. ಮೊದಲ ಒಂದು ತಿಂಗಳು ಅವನು ಗ್ರಾಫ್ ಕಾಗದ ಕತ್ತರಿಸಿ ಪಟ್ಟಿ ಮಾಡಿಕೊಂಡಿದ್ದ, ರೋಗಿಯ ಚರ್ಮದ ಮೇಲೆ ತಾನೇ ಅಂಟಿಸುತ್ತಿದ್ದ. ಅದು ನಿಂತದ್ದು ಅತ್ತಿಗೆ ಬಂದ ದಿನ. ಅಂದು ನರ್ಸ್ ಊಟಕ್ಕೆ ಹೋಗಿದ್ದಳು. ಅತ್ತಿಗೆ ಬೆನ್ನಿನ ಮಚ್ಚೆಯ ಚಿತ್ರಕ್ಕೆಂದು ಬಟ್ಟೆ ಸರಿಸಿ ಮಲಗಿದ್ದಳು. ಕತ್ತರಿಸಿದ ಪಟ್ಟಿ ಅವನ ಬೆರಳಿನ ತುದಿಯಲ್ಲಿತ್ತು. ಅವನಿಗೆ ಹನ್ನೊಂದು ವರ್ಷವಿದ್ದಾಗ ಅವನ ಮನೆಗೆ ಸೊಸೆಯಾಗಿ ಬಂದು, ಅನ್ನ ಕಲಸಿ ಕೊಟ್ಟು, ಪರೀಕ್ಷೆಯ ಹಿಂದಿನ ದಿನ ಗದರಿ ಮಲಗಿಸಿದ ಹೆಂಗಸಿನ ಬರಿಬೆನ್ನು ಅದು. ಪಟ್ಟಿ ಅಂಟಿಸಬೇಕಾದರೆ ಬೆರಳಿನಿಂದ ಒತ್ತಬೇಕು, ಅಂಚು ಏಳದ ಹಾಗೆ ಸವರಬೇಕು. ಅವನು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ. ಉಂಗುರ ಅರ್ಧಕ್ಕೆ ನಿಂತಿದೆಯಲ್ಲ, ಪಟ್ಟಿ ಯಾಕೆ ಎಂದುಕೊಂಡ. ಚಿತ್ರದ ಜೊತೆಗೆ ಹೋಗುವ ನಮೂನೆಯಲ್ಲಿ 'ಅಳತೆಪಟ್ಟಿ ಇಲ್ಲ. ಉಂಗುರದ ಅಳತೆ: ಅರ್ಧ' ಎಂದು ಬರೆದ. ಡಾಕ್ಟರು ಅದನ್ನು ಓದಿ, "ನೀವು ಹೇಳಿದ ಮೇಲೆ ಮುಗೀತು ಬಿಡಿ," ಎಂದಿದ್ದಳು. ಮರುದಿನದಿಂದ ಅವನು ಯಾರಿಗೂ ಪಟ್ಟಿ ಅಂಟಿಸಲಿಲ್ಲ. ಒಬ್ಬಳ ಎದುರಿಗಾದ ಸಂಕೋಚ ಒಂದು ವಿಭಾಗದ ಪದ್ಧತಿಯಾಗಿಹೋಯಿತು.

ಅವನು ಮೇಜಿನ ಖಾನೆಯಿಂದ ಪುಸ್ತಕ ತೆಗೆದ. ಲೆನ್ಸಿನ ಆರೈಕೆಗೆಂದೇ ಅವನು ಇಟ್ಟುಕೊಂಡಿದ್ದ ಪುಸ್ತಕ ಅದು. ಧೂಳು ಊದಿದ ದಿನ, ಗಾಜು ಒರೆಸಿದ ದಿನ, ಮಳೆಯ ತಿಂಗಳಿನಲ್ಲಿ ಬೂಷ್ಟು ಬಂದಿದೆಯೇ ಎಂದು ಟಾರ್ಚು ಹಾಕಿ ನೋಡಿದ ದಿನ, ಎಲ್ಲಕ್ಕೂ ಒಂದೊಂದು ಅಂಕಣ. ಎಂಟು ತಿಂಗಳ ಹಿಂದೆ ಹೊಸ ಅಂಕಣವೊಂದು ಸೇರಿತ್ತು: ಟೇಪು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಗಡಿಯಾರ, ಕನ್ನಡಕ, ಕ್ಯಾಮೆರಾ ಮೂರನ್ನೂ ರಿಪೇರಿ ಮಾಡುವ ಮುದುಕ ಲೆನ್ಸನ್ನು ಕೆಳಮುಖ ಹಿಡಿದು, ಮೇಲ್ಮುಖ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹೇಳಿದ್ದ: "ಒಳಗಿನ ಗ್ರೀಸು ಒಣಗಿಹೋಗಿದೆ. ನೆಟ್ಟಗೆ ಹಿಡಿದ್ರೆ ಸಾಧು, ಬಗ್ಗಿಸಿದ್ರೆ ಜಾರ್ತಾನೆ. ಬಿಟ್ಟು ಹೋಗಿ. ಎಲ್ಲ ಬಿಚ್ಚಿ, ತೊಳೆದು, ಹೊಸ ಗ್ರೀಸು ಹಾಕಿಕೊಡ್ತೀನಿ. ಒಂದು ತಿಂಗಳು." "ಅಷ್ಟು ದಿನ ಆಗಲ್ಲ, ಬೇರೆ ಏನಾದ್ರೂ ಉಪಾಯ ಹೇಳಿ," ಎಂದು ಇವನು ಕೇಳಿದ್ದ. ಮುದುಕ ಕನ್ನಡಕದ ಮೇಲಿನಿಂದ ನೋಡಿದ್ದ. "ಉಪಾಯ ಬೇಕಾದ್ರೆ ಟೇಪು ಸುತ್ತಿ. ವಾರವಾರ ಬದಲಾಯಿಸಿ. ಆದ್ರೆ ಅದು ರಿಪೇರಿ ಅಲ್ಲ ಸ್ವಾಮಿ, ಮುಲಾಜು." ಒಂದು ತಿಂಗಳು ಲೆನ್ಸಿಲ್ಲದೆ ಇರಲಾಗದ ಕಾರಣ ಆಸ್ಪತ್ರೆಯದ್ದಾಗಿರಲಿಲ್ಲ. ಹಿಂದೊಮ್ಮೆ ಕ್ಯಾಮೆರಾ ಕೆಟ್ಟಾಗ ಅವನನ್ನು ಮೂರನೆಯ ಮಹಡಿಯ ದಾಖಲೆ ಕೋಣೆಯಲ್ಲಿ ಕೂರಿಸಿ ಹಳೆಯ ಕಡತಗಳಿಗೆ ಚೀಟಿ ಅಂಟಿಸಲು ಹಚ್ಚಿದ್ದರು. ಐದನೆಯ ವಾರ ಮೇಲ್ವಿಚಾರಕ ಬಾಗಿಲಲ್ಲಿ ನಿಂತು, "ನೋಡ್ರಿ, ನೀವಿಲ್ಲದೇನೂ ವಿಭಾಗ ನಡೀತಾ ಇದೆ," ಎಂದು ಹಲ್ಲು ಕಿರಿದಿದ್ದ. ಅದು ತಮಾಷೆ. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಆ ನಗು ಈಗಲೂ ಅವನ ಕೆನ್ನೆಯ ಸ್ನಾಯುಗಳಲ್ಲಿ ಎಲ್ಲೋ ಉಳಿದಿತ್ತು.

ಟೇಪಿನ ಅಂಕಣದಲ್ಲಿ ಪ್ರತಿ ಸೋಮವಾರದ ಎದುರಿಗೂ ಒಂದೊಂದು ಗುರುತಿತ್ತು. ಎಲ್ಲ ಗುರುತುಗಳೂ ಒಂದೇ ಎತ್ತರ, ಒಂದೇ ಓರೆ, ಒಂದೇ ಶಾಯಿ. ಹಾಗೆ ಇರುವುದು ಸಾಧ್ಯವಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ಸೋಮವಾರ ಮರೆತು, ಮುಂದಿನ ಸೋಮವಾರ ನೆನಪಾಗಿ, ಆಮೇಲೆ ತಿಂಗಳ ಕೊನೆಗೆ ಒಮ್ಮೆಲೇ ಕೂತು ನಾಲ್ಕು ಗುರುತು ಹಾಕುವ ರೂಢಿ ಯಾವಾಗ ಬಂತೋ. ಸುಳ್ಳು ಹೇಳುವ ಉದ್ದೇಶ ಅದರಲ್ಲಿರಲಿಲ್ಲ. ಅಂಕಣ ಖಾಲಿಯಿರುವುದನ್ನು ಅವನ ಕಣ್ಣು ಸಹಿಸುತ್ತಿರಲಿಲ್ಲ, ಅಷ್ಟೆ. ಈಗ ಅತ್ತಿಗೆ ಮಲಗಿದ್ದ ದಿನದ ಎದುರಿಗೆ ಬೆರಳಿಟ್ಟು ನೋಡಿದರೆ, ಅಚ್ಚುಕಟ್ಟಾದ ಆ ಗುರುತು ಅಚ್ಚುಕಟ್ಟಾಗಿಯೇ ಬಾಯಿ ಮುಚ್ಚಿಕೊಂಡು ಕುಳಿತಿತ್ತು.

ಗಣಕಯಂತ್ರದಲ್ಲಿ ಅತ್ತಿಗೆಯ ಎರಡು ಚಿತ್ರಗಳನ್ನು ತೆರೆಯಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಎರಡು ಸಲ ಕೈ ತೊಳೆದ. ಫ್ಲ್ಯಾಶಿನ ತಂತಿಯನ್ನು ಸುತ್ತಿಟ್ಟ. ಕಿಟಕಿಗೆ ಹಚ್ಚಿದ್ದ ಕಪ್ಪು ಕಾಗದದ ತೂತೊಂದನ್ನು ಮುಚ್ಚಿದ. ಎರಡನೆಯ ಚಿತ್ರ ಹೋದ ವಾರದ್ದು. ಆಗ ಅತ್ತಿಗೆಗೆ ಸೊಂಟ ಹಿಡಿದಿತ್ತು, ಮಲಗಲಾರೆನೆಂದು ಸ್ಟೂಲಿನ ಮೇಲೆ ಕುಳಿತೇ ಬೆನ್ನು ಕೊಟ್ಟಿದ್ದಳು. ಕ್ಯಾಮೆರಾ ನೆಟ್ಟಗಿತ್ತು, ಲೆನ್ಸು ಸಾಧುವಾಗಿತ್ತು. ಡಾಕ್ಟರು ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, "ನೋಡಿ ಅಮ್ಮ, ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ಇನ್ನು ಒಂದು ವರ್ಷ ಬಿಟ್ಟು ಬಂದರೆ ಸಾಕು," ಎಂದಿದ್ದಳು. ಅಂದು ಬಸ್ಸು ಹತ್ತಿಸಲು ಹೋದಾಗ ಅತ್ತಿಗೆ ಅವನ ತೋಳು ಹಿಡಿದು, "ನಿನ್ನ ಕೆಲಸ ಏನು ಅಂತ ಇವತ್ತು ಅರ್ಥ ಆಯ್ತು ಕಣೋ," ಎಂದಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಮನೆಯವರು ಅವನ ಕೆಲಸದ ಬಗ್ಗೆ ಆಡಿದ ಒಂದೇ ಒಳ್ಳೆಯ ಮಾತು ಅದು. ಅದನ್ನು ಅವನು ಒಂದು ವಾರ ಒಳಜೇಬಿನಲ್ಲಿ ಇಟ್ಟುಕೊಂಡಂತೆ ಇಟ್ಟುಕೊಂಡು ಓಡಾಡಿದ್ದ.

ಮಚ್ಚೆಯ ಕೆಳಗೆ, ಬಲಕ್ಕೆ, ಎರಡು ಸಣ್ಣ ಗುಳಿಗಳಿದ್ದವು. ಅವು ಯಾವುವೆಂದು ಅವನಿಗೆ ಗೊತ್ತಿತ್ತು. ಅವಳು ಮದುವೆಯಾಗಿ ಬಂದ ಎರಡನೆಯ ತಿಂಗಳು ಅವನು ಶಾಲೆಯಿಂದ ಸೀತಾಳೆ ಸಿಡುಬು ತಂದಿದ್ದ. ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಹತ್ತಿರ ಕುಳಿತವಳು ಅವಳೊಬ್ಬಳೇ. ಅವನದು ಗುರುತಿಲ್ಲದಂತೆ ವಾಸಿಯಾಯಿತು. ಅವಳಿಗೆ ಜ್ವರ ಹದಿನೆಂಟು ದಿನ ಇತ್ತು. ಬೆನ್ನಿನಲ್ಲಿ ಎರಡು ಗುಳಿ ಉಳಿದವು. ಮೂವತ್ತೈದು ವರ್ಷ ಕಳೆದರೂ ಒಂದರಿಂದೊಂದಕ್ಕೆ ದೂರ ಬದಲಾಗದ ಎರಡು ಗುಳಿಗಳು; ಯಾರೂ ಅಂಟಿಸದ ಅಳತೆಪಟ್ಟಿ. ಅವನು ಪರದೆಗೆ ಸ್ಟೀಲಿನ ಅಡಿಕೋಲು ಹಿಡಿದ. ಹೋದ ವಾರದ ಚಿತ್ರದಲ್ಲಿ ಗುಳಿಯಿಂದ ಗುಳಿಗೆ, ಪರದೆಯ ಮೇಲಿನ ಲೆಕ್ಕದಲ್ಲಿ, ಐವತ್ತು ಮಿಲಿಮೀಟರ್. ಆರು ತಿಂಗಳ ಹಿಂದಿನದರಲ್ಲಿ ಅರವತ್ತೆರಡು. ಮಲಗಿದಾಗ ಬೆನ್ನಿನ ಚರ್ಮ ಹಿಗ್ಗಿರಬಹುದು ಎಂದು ತನಗೆ ತಾನೇ ಒಂದು ದಾರಿ ಬಿಟ್ಟುಕೊಂಡ. ಹಾಗಿದ್ದರೆ ಗುಳಿಯ ಅಗಲ ಹೆಚ್ಚಾಗಬಾರದು, ಅಥವಾ ಒಂದೇ ದಿಕ್ಕಿಗೆ ಹೆಚ್ಚಾಗಬೇಕು. ಅದನ್ನೂ ಅಳೆದ. ಅಡ್ಡಕ್ಕೂ ಉದ್ದಕ್ಕೂ ಅದೇ ಪ್ರಮಾಣ. ಮಚ್ಚೆ ಮಾತ್ರ ಎರಡರಲ್ಲೂ ಹದಿನೆಂಟು. ಎಲ್ಲವೂ ಕುಗ್ಗಿದ ಚಿತ್ರದಲ್ಲಿ ಕುಗ್ಗದೆ ಉಳಿದದ್ದು ಅದೊಂದೇ. ಅಂದರೆ ಮಚ್ಚೆ ಆರು ತಿಂಗಳಲ್ಲಿ ಸುಮಾರು ಕಾಲುಭಾಗ ಬೆಳೆದಿತ್ತು. ಹರವಿನಲ್ಲಿ ಒಂದೂವರೆ ಪಟ್ಟು. ಅವನು ಭಾಗಾಕಾರವನ್ನು ಮತ್ತೊಮ್ಮೆ ಕಾಗದದ ಮೇಲೆ ಮಾಡಿದ. ತಪ್ಪಿರಲಿಲ್ಲ. ಅವನ ಲೆಕ್ಕಗಳು ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ.

ಆಮೇಲೆ, ಯಾಕೆಂದು ತಿಳಿಯದೆ, ಪಟ್ಟಿಯಿಲ್ಲದೆ ಕೆಳಮುಖವಾಗಿ ತೆಗೆದ ಚಿತ್ರಗಳು ಎಷ್ಟಿವೆ ಎಂದು ಎಣಿಸಿದ. ಅತ್ತಿಗೆಯನ್ನು ಬಿಟ್ಟು ಮೂವತ್ತೇಳು ಜನ. ಎಣಿಸಿದ ಕೂಡಲೇ ಕಿಟಕಿಯನ್ನು ಮುಚ್ಚುವವನಂತೆ ಗಣಕವನ್ನು ಆರಿಸಿದ. ಅದು ಬೇರೆ ವಿಷಯ. ಅದನ್ನು ಆಮೇಲೆ ನೋಡಬಹುದು. ಅವರೆಲ್ಲ ಆರು ತಿಂಗಳಿಗೋ ವರ್ಷಕ್ಕೋ ಬಂದೇ ಬರುತ್ತಾರೆ. ಬಂದಾಗ ಪಟ್ಟಿ ಅಂಟಿಸಿ ತೆಗೆದರಾಯಿತು. ಹಳೆಯದು ಜಾರಿದ ಚಿತ್ರವಾಗಿದ್ದರೆ ಬೆಳೆದದ್ದು ಬೆಳೆಯದ ಹಾಗೆ ಕಾಣುತ್ತದೆ ಎಂಬ ಯೋಚನೆ ಬಂದು ಬಾಗಿಲಲ್ಲಿ ನಿಂತಿತು. ಅವನು ಅದನ್ನು ಒಳಗೆ ಕರೆಯಲಿಲ್ಲ.

ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಹನ್ನೆರಡು ಮಂದಿ ಕೂತಿದ್ದರು. ಅವರ ಮುಖಗಳನ್ನು ದಾಟಿ ಒಳಗೆ ಹೋಗುವಾಗ ಅವನ ಕಣ್ಣು, ಎಂದಿನಂತೆ, ಮುಖಗಳನ್ನು ಬಿಟ್ಟು ಕತ್ತು, ಮಣಿಕಟ್ಟು, ಹಿಮ್ಮಡಿಗಳ ಮೇಲೆ ಹಾಯಿತು. ಡಾಕ್ಟರು ಅವನಿಗಿಂತ ಹದಿನೈದು ವರ್ಷ ಚಿಕ್ಕವಳು; ಒಳ್ಳೆಯವಳು; ದಿನವೂ ಮಧ್ಯಾಹ್ನದ ಹೊತ್ತಿಗೆ ಸೋತು ಹೋಗಿರುತ್ತಿದ್ದಳು.

"ಮೇಡಂ, ನಮ್ಮ ಅತ್ತಿಗೆ ಯಾಕೋ ಭಯ ಪಡ್ತಿದ್ದಾರೆ," ಎಂದ. "ಇನ್ನೊಂದು ಸಲ ನೋಡಿಬಿಟ್ರೆ ಸಮಾಧಾನ."

"ಹೋದ ವಾರ ತಾನೇ ನೋಡಿದ್ವಿ?"

"ಹೌದು. ಮನೆಯಲ್ಲಿ ಹೇಳಿದ್ದನ್ನೇ ಹೇಳ್ತಾರೆ."

"ಕರ್ಕೊಂಡು ಬನ್ನಿ. ನಮ್ಮವರಿಗೆ ಇಷ್ಟೂ ಮಾಡದಿದ್ರೆ ಹೇಗೆ?"

ಎಷ್ಟು ಸುಲಭವಾಗಿ ಆಯಿತು. ಹೊರಗೆ ಬಂದು ಗೋಡೆಗೆ ಒರಗಿ ನಿಂತಾಗ, ಈಗ ತಾನು ಭಯವನ್ನು ಅತ್ತಿಗೆಯ ಹೆಗಲಿಗೆ ಹಾಕಿ ಬಂದೆನೆಂಬುದು ಹೊಳೆಯಿತು. ಬದುಕಿನಲ್ಲಿ ಒಮ್ಮೆಯೂ ಯಾರ ಮುಂದೆಯೂ ಭಯ ತೋಡಿಕೊಳ್ಳದ ಹೆಂಗಸು. ಫೋನು ಮಾಡಿದಾಗ ಅವಳು ಏನೂ ಕೇಳಲಿಲ್ಲ. "ಅನ್ನಕ್ಕಿಟ್ಟಿದ್ದೀನಿ, ಇಳಿಸಿ ಬರ್ತೀನಿ," ಎಂದಳು. ಅಷ್ಟೇ. ಯಾಕೆ ಎಂದು ಕೇಳದೆ ಇದ್ದುದೇ ಅವನನ್ನು ಚುಚ್ಚಿತು. ಕೇಳಿದ್ದರೆ ಫೋನಿನಲ್ಲೇ, ಮುಖ ಕಾಣದೆ, ಹೇಳಿಬಿಡಬಹುದಿತ್ತು ಎಂದು ತನ್ನ ಹೇಡಿತನಕ್ಕೂ ಅವಳನ್ನೇ ಹೊಣೆ ಮಾಡಲು ನೋಡಿದ.

ಅವಳು ಬಂದಾಗ ಮೂರು ಗಂಟೆ. ಇನ್ನೂ ಹಿಡಿದೇ ಇದ್ದ ಸೊಂಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಕಾರಿಡಾರಿನ ಗೋಡೆಯುದ್ದಕ್ಕೂ ನಡೆದು ಬಂದಳು. ಚೀಲದಲ್ಲಿ ಅವನಿಗೆಂದು ತಂದ ಊಟದ ಡಬ್ಬಿ ಇತ್ತು. "ಬೆಳಿಗ್ಗೆ ತಿಂದಿರಲ್ಲ ನೀನು, ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದಳು. ನರ್ಸ್ ಪಟ್ಟಿ ಅಂಟಿಸಿದಳು. ಈ ಸಲವೂ ಸ್ಟೂಲು. ಈ ಸಲವೂ ಬೆನ್ನು. ಅವನು ಉಂಗುರವನ್ನು ಅರ್ಧಕ್ಕೆ ತಂದು, ಬೆರಳಿನಿಂದ ಬಿಗಿಹಿಡಿದು, ವಾಲಿದ. ಕ್ಯಾಮೆರಾದ ಕಂಡಿಯೊಳಗೆ ಮಚ್ಚೆ ಒಂದು ಊರಿನಂತೆ ಬಂದು ನಿಂತಿತು. ಕೆಳಗಿನ ಅಂಚು ಚೂಪಾಗಿ ಒಂದು ಕಡೆ ಹೊರಚಾಚಿತ್ತು. ನಡುವೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಹೋದ ವಾರವೂ ಇದು ಹೀಗೆಯೇ ಇತ್ತು. ಅವನು ನೋಡಿದ್ದ. ನೋಡುವುದು ತನ್ನ ಕೆಲಸ, ಹೇಳುವುದು ಡಾಕ್ಟರ ಕೆಲಸ ಎಂಬ ಗೆರೆಯ ಈಚೆಗೆ ಇಪ್ಪತ್ತೆರಡು ವರ್ಷ ಸುರಕ್ಷಿತವಾಗಿ ನಿಂತು ನೋಡಿದ್ದ. ಅವಳು ಉಸಿರಾಡಿದಂತೆಲ್ಲ ಮಚ್ಚೆ ಸ್ಪಷ್ಟವಾಗುತ್ತಿತ್ತು, ಮಂಜಾಗುತ್ತಿತ್ತು.

"ಉಸಿರು ಹಿಡೀಬೇಕಾ?" ಎಂದಳು.

"ಸ್ವಲ್ಪ."

ಹಿಡಿದಳು. ಅವನು ಬೇಕಾದದ್ದಕ್ಕಿಂತ ಹೆಚ್ಚು ವಾಲಿದ. ಮೂರು ಚಿತ್ರ ಕೆಟ್ಟವು. ನಾಲ್ಕನೆಯದು ಬಂತು. ಪಟ್ಟಿಯ ಪ್ರಕಾರ ಮಚ್ಚೆ ಎಂಟೂವರೆ ಮಿಲಿಮೀಟರ್.

ಡಾಕ್ಟರು ಮೂರು ಚಿತ್ರಗಳನ್ನೂ ಸಾಲಾಗಿ ಇಟ್ಟುಕೊಂಡು, "ನೀವೇ ನೋಡಿ ಅಮ್ಮ, ಮೂರೂ ಒಂದೇ. ಭಯ ಯಾಕೆ ಹೇಳಿ?" ಎಂದಳು.

ಅತ್ತಿಗೆ ಅವನ ಕಡೆ ಒಮ್ಮೆ ನೋಡಿದಳು. ಭಯ ಯಾರದೆಂದು ಅವಳಿಗೆ ಆ ಕ್ಷಣದಲ್ಲೇ ತಿಳಿದಿರಬೇಕು; ಆದರೆ ಬಿಟ್ಟುಕೊಡಲಿಲ್ಲ. "ಭಯ ಅಂತಲ್ಲ," ಎಂದಳು ನಿಧಾನವಾಗಿ. "ಎರಡು ತಿಂಗಳಿಂದ ರವಿಕೆ ಹೊಲಿಗೆಗೆ ಮಚ್ಚೆ ಸಿಕ್ಕೊಳ್ತಿತ್ತು. ಒಂದ್ಸಲ ರಕ್ತ ಬಂತು. ಇವನ ಅಣ್ಣನಿಗೆ ತೋರಿಸಿದೆ, ದೊಡ್ಡದಾಗಿದೆ ಅಂದ್ರು. ನಿಮ್ಮ ಕನ್ನಡಕ ಬದಲಾಯಿಸಿ ಅಂದೆ. ನನ್ನ ಬೆರಳಿಗೂ ಗೊತ್ತಾಗ್ತಿತ್ತು. ಆದ್ರೆ ಹೋದ ವಾರ ನೀವು ಇವನ ಫೋಟೊ ತೋರಿಸಿದ್ರಲ್ಲ. ಬೆರಳಿಗೂ ವಯಸ್ಸಾಯ್ತು ಅಂದ್ಕೊಂಡು ಸುಮ್ಮನಾದೆ."

ಫ್ಯಾನು ಮೇಜಿನ ಮೇಲಿನ ಕಾಗದವೊಂದನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು.

"ಮೊದಲನೆಯದು ಸರಿಯಿಲ್ಲ ಮೇಡಂ," ಎಂದ ಅವನು. ದನಿ ತನ್ನದೆಂದು ಅನ್ನಿಸಲಿಲ್ಲ. "ಆವತ್ತು ಅತ್ತಿಗೆ ಮಲಗಿದ್ರು. ಲೆನ್ಸು ಕೆಳಗೆ ಮುಖ ಮಾಡಿತ್ತು. ಕೊಳವೆ ಜಾರಿದೆ. ಚಿತ್ರ ದೊಡ್ಡದಾಗಿ ಬಂದಿದೆ. ಈ ಎರಡು ಗುಳಿ ಅಳೆದ್ರೆ ಗೊತ್ತಾಗುತ್ತೆ. ಮಚ್ಚೆ ಬೆಳೆದಿದೆ. ಕಾಲುಭಾಗ."

ಡಾಕ್ಟರು ಪರದೆಯ ಹತ್ತಿರ ಬಾಗಿ ಗುಳಿಗಳನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಕತ್ತಿನ ಹಿಂಭಾಗ ಕೆಂಪಾಗುತ್ತಿದ್ದುದನ್ನು ಅವನು ಗಮನಿಸಿದ. ಆಮೇಲೆ ಅವನ ಕಡೆಗಲ್ಲ, ಅತ್ತಿಗೆಯ ಕಡೆಗೆ ತಿರುಗಿ, ಗುರುವಾರ ಬೆಳಿಗ್ಗೆ ಬರಬೇಕೆಂದೂ, ಮರಗಟ್ಟಿಸಿ ಮಚ್ಚೆಯನ್ನು ತೆಗೆದು ಪರೀಕ್ಷೆಗೆ ಕಳಿಸಬೇಕೆಂದೂ, ಅದು ಏನೆಂದು ಆಮೇಲಷ್ಟೇ ಹೇಳಲಾಗುವುದೆಂದೂ ಒಂದೊಂದಾಗಿ ತಿಳಿಸಿದಳು. ಚೀಟಿ ಬರೆದಳು. ಚೀಟಿ ಕೊಡುವಾಗ, ತಲೆ ಎತ್ತದೆ, ಅವನನ್ನು ಕೇಳಿದಳು:

"ಜಾರಿದ್ದು ಇದೊಂದೇ ಚಿತ್ರನಾ?"

"ಇದೊಂದೇ," ಎಂದ.

ಮಾತು ಬಾಯಿಂದ ಬಿದ್ದಮೇಲೆ ಅದನ್ನು ಅಷ್ಟು ಸರಾಗವಾಗಿ ಹೇಳಿದ್ದು ಹೇಗೆಂದು ಅವನಿಗೇ ಸೋಜಿಗವಾಯಿತು. ಮೂರನೆಯ ಮಹಡಿಯ ಚೀಟಿಗಳ ಅಂಟಿನ ವಾಸನೆ ಮೂಗಿಗೆ ಬಡಿದಂತಾಯಿತು. ವಿಚಾರಣೆ, ಸಹಿ, ಮೇಲ್ವಿಚಾರಕನ ಹಲ್ಲು, ನರ್ಸಿನ ಕನಿಕರ. ಅತ್ತಿಗೆಯದಾಯಿತಲ್ಲ. ಮುಖ್ಯವಾದದ್ದಾಯಿತಲ್ಲ. ಒಂದು ದಿನಕ್ಕೆ ಮನುಷ್ಯ ಎಷ್ಟು ನಿಜ ಹೇಳಬಲ್ಲ?

ಹೊರಗೆ ಬೆಂಚು ಖಾಲಿಯಾಗಿತ್ತು. ಅತ್ತಿಗೆ ಕುಳಿತಳು. ಅವನೂ ಪಕ್ಕದಲ್ಲಿ ಕುಳಿತ. ಅವಳು ಬೈಯುತ್ತಾಳೆಂದು, ಬೈದರೆ ಒಳ್ಳೆಯದೆಂದು ಕಾದ. ಅವಳು ಚೀಟಿಯನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟಳು. ಡಬ್ಬಿಯನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

"ಅತ್ತಿಗೆ, ನಾನು ಆವತ್ತೇ ಪಟ್ಟಿ ಅಂಟಿಸಬೇಕಿತ್ತು," ಎಂದ. "ನನಗೆ ಸಂಕೋಚ ಆಯ್ತು."

"ಸಂಕೋಚ," ಎಂದಳು. ಆ ಶಬ್ದವನ್ನು ಬಿಸಿಲಿಗೆ ಹಿಡಿದು ನೋಡಿದವಳಂತೆ ಕಣ್ಣು ಕಿರಿದು ಮಾಡಿದಳು. "ನಿನ್ನ ಬೆನ್ನು ನಾನು ಎಷ್ಟು ವರ್ಷ ಉಜ್ಜಿದ್ದೀನಿ. ಮರ್ಯಾದೆಯೆಲ್ಲ ಗಂಡಸರಿಗೇ ಬರುತ್ತೆ ನೋಡು, ಬೇಡದ ಹೊತ್ತಲ್ಲಿ." ಸೊಂಟ ಸರಿಮಾಡಿಕೊಂಡು ಕೇಳಿದಳು: "ನಾನೊಬ್ಬಳೇನಾ ಅಲ್ಲಿ ಬೋರಲು ಮಲಗಿದ್ದು?"

ಅವನು ಡಬ್ಬಿಯ ಮುಚ್ಚಳವನ್ನು ನೋಡುತ್ತಿದ್ದ.

"ಕೇಳಿದ್ದು ಕೇಳಿಸ್ತಾ?"

"ಇಲ್ಲ. ಬೇರೆಯವರೂ ಮಲಗಿದ್ರು."

"ಎಷ್ಟು ಜನ?"

"ಮೂವತ್ತೇಳು."

"ಎಣಿಸಿಟ್ಟಿದ್ದೀಯ," ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ; ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ನಿಮಗೆ ಗೊತ್ತಾಗಲ್ಲ ಅತ್ತಿಗೆ. ಹೇಳಿದ್ರೆ ಎಲ್ಲರನ್ನೂ ಮತ್ತೆ ಕರೆಸಬೇಕು. ಎಲ್ಲರಿಗೂ ಗಾಬರಿ. ಎಷ್ಟೋ ಜನಕ್ಕೆ ಏನೂ ಆಗಿರಲ್ಲ. ಟೇಪು ಸರಿಯಾಗಿದ್ದ ದಿನಗಳೂ ಇರುತ್ತೆ. ಯಾವುದು ಜಾರಿದೆ, ಯಾವುದು ಜಾರಿಲ್ಲ ಅಂತ ನನಗೇ ಗೊತ್ತಿಲ್ಲ. ಸುಮ್ಮನೆ..."

"ನನಗೆ ಗುರುವಾರ ಅಂತ ಗೊತ್ತು," ಎಂದಳು ಅತ್ತಿಗೆ. "ಒಳ್ಳೇದೋ ಕೆಟ್ಟದ್ದೋ, ಗುರುವಾರ. ಅವರು ನಿನ್ನ ಫೋಟೊ ನಂಬ್ಕೊಂಡು ಮನೇಲಿದ್ದಾರೆ."

ಕಾರಿಡಾರಿನ ಕೊನೆಯಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಒದ್ದೆಯಾದ ಕಲ್ಲಿನ ಮೇಲೆ ಬಾಗಿಲಿನ ಬೆಳಕು ಉದ್ದಕ್ಕೆ ಬಿದ್ದಿತ್ತು. ಅವನಿಗೆ ಬಹಳ ದಣಿವಾಗಿತ್ತು. ಇವತ್ತಿನ ದಣಿವಲ್ಲ, ಅಚ್ಚುಕಟ್ಟಾಗಿ ಇರುವುದರ, ಅಚ್ಚುಕಟ್ಟಾಗಿ ಕಾಣುವುದರ ದಣಿವು. ಇಲ್ಲಿಯೇ ಕುಳಿತಲ್ಲೇ ಕಣ್ಣು ಮುಚ್ಚಿದರೆ ಅತ್ತಿಗೆ ಎಬ್ಬಿಸುವುದಿಲ್ಲವೇನೋ ಎಂಬ ಆಸೆ ಬಂತು. ಅವಳು ಎದ್ದು ನಿಂತಿದ್ದಳು.

"ಬಸ್ಸು ಹತ್ತಿಸಿ ಬರ್ತೀನಿ ಇರಿ," ಎಂದ.

"ಬಸ್ಸು ನಾನೇ ಹತ್ತುತ್ತೀನಿ. ನೀನು ನನ್ನ ಹಿಂದೆ ಬಂದು, ಟೈಮ್ ಆಯ್ತು, ಡಾಕ್ಟರಮ್ಮ ಹೋದ್ರು ಅಂತ ಹೇಳೋದು ಬೇಡ." ಅವನ ತೊಡೆಯ ಮೇಲಿನ ಡಬ್ಬಿಯನ್ನು ಮತ್ತೆ ತೆಗೆದುಕೊಂಡು ಬೆಂಚಿನ ಮೇಲಿಟ್ಟಳು. "ಹೋಗಿ ಬಾ. ಆಮೇಲೆ ತಿನ್ನು."

ಡಾಕ್ಟರು ಕೈ ತೊಳೆಯುತ್ತಿದ್ದಳು. ಅವನನ್ನು ಕಂಡು ನಲ್ಲಿ ನಿಲ್ಲಿಸಿದಳು.

"ಇನ್ನೇನು?"

"ನಾನು ಆಗ ಹೇಳಿದ್ದು ಸುಳ್ಳು, ಮೇಡಂ. ಇದೊಂದೇ ಅಲ್ಲ. ಏಳೆಂಟು ತಿಂಗಳಿಂದ ಲೆನ್ಸು ಜಾರ್ತಿದೆ. ನನಗೆ ಗೊತ್ತಿತ್ತು. ಪಟ್ಟಿ ಇಲ್ಲದೆ, ಮಲಗಿಸಿ ತೆಗೆದವರು ಮೂವತ್ತೇಳು ಜನ ಇದ್ದಾರೆ."

ಅವಳು ಕೈ ಒರೆಸಿಕೊಳ್ಳಲಿಲ್ಲ. ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಗುಳ ಬರುತ್ತದೆಂದು ಅವನು ಕಾದ; ಬರಲಿಲ್ಲ. ಅದಕ್ಕೂ ಒಂದು ಹೊತ್ತು ಇರುತ್ತದೆ, ಅದು ಈಗಲ್ಲ ಎಂಬಂತೆ ಅವಳು ಬಂದು ಕುಳಿತಳು. ಖಾಲಿ ಹಾಳೆಯೊಂದನ್ನು ಎಳೆದುಕೊಂಡಳು. ಹಾಳೆಯ ಅಂಚು ಅವಳ ಒದ್ದೆ ಕೈಗೆ ಸುಕ್ಕಾಯಿತು.

"ಕಡತ ಆಮೇಲೆ ತರಿಸೋಣ. ಮೊದಲು ನಿಮಗೆ ಅನುಮಾನ ಇರೋರು. ಯಾರು ನೆನಪಿಗೆ ಬರ್ತಾರೆ? ಹೆಸರು ಹೇಳಿ."

ಅವನು ಬಾಯಿ ತೆರೆದ. ಮೂವತ್ತೇಳು ಜನರೂ ಒಬ್ಬೊಬ್ಬರಾಗಿ ಬಂದು ಕಣ್ಣ ಮುಂದೆ ಮಲಗಿದರು. ಚರ್ಮದ ಪ್ರತಿಯೊಂದು ಗೆರೆ, ಪ್ರತಿಯೊಂದು ರೋಮ, ಬೆವರಿನ ರಂಧ್ರ, ಬಣ್ಣದ ಏರಿಳಿತ, ಎಲ್ಲವೂ ಕಾಣುತ್ತಿತ್ತು. ಒಬ್ಬರ ಹೆಸರೂ ಬರಲಿಲ್ಲ. ಮುಖಕ್ಕಾಗಿ ಹುಡುಕಿದ. ಬೋರಲು ಮಲಗಿದವರ ಮುಖ ದಿಂಬಿನಲ್ಲಿರುತ್ತದೆ. ಗೇಣುದೂರದಲ್ಲಿ ಉಸಿರು ಹಿಡಿದು ನೋಡಿದ ಇಷ್ಟು ಜನರಲ್ಲಿ ಒಬ್ಬರು ನಾಳೆ ರಸ್ತೆಯಲ್ಲಿ ಎದುರಾದರೂ ತಾನು ಗುರುತು ಹಿಡಿಯಲಾರೆ.

ಡಾಕ್ಟರು ಲೇಖನಿ ಹಿಡಿದು ಕಾಯುತ್ತಿದ್ದಳು.

"ಬಲಗಿವಿಯ ಹಿಂದೆ," ಎಂದ ಅವನು. "ಒಂದು ಹೆಂಗಸು. ಕೂದಲಿನ ಅಂಚಿಗೆ ತಾಗಿದ ಹಾಗೆ."

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಆಮೇ‌ಲೆ ಬಾಗಿ, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು.